ಹನ್ನೊಂದು ಸಾವಿರ ಫಾಲೋವರ್ಸ್, ಪೋಸ್ಟ್ ನೋಡಿದ್ದು ಮುನ್ನೂರು ಜನ. ನೀವೆಲ್ಲ ಎಂತ ಮಾಡ್ತಿದ್ದೀರಿ?

ಕೆಸುವಿನೆಲೆ · ಉಡುಪಿ · ಜುಲೈ 9

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಇವತ್ತು ಮಂಡೆಬಿಸಿಯಾಗಿ ಬರೆಯುತ್ತಿದ್ದೇನೆ.

2013ರಿಂದ ಒಂದು ಅಡುಗೆ ಬ್ಲಾಗ್ ನಡೆಸುತ್ತಿದ್ದೇನೆ. ಅಜ್ಜಿ ಮಾಡುತ್ತಿದ್ದದ್ದು, ಮದುವೆಯಾದ ಮೇಲೆ ಅತ್ತೆಯಿಂದ ಕಲಿತದ್ದು, ಅಷ್ಟೆ. ಮಟ್ಟು ಊರಿನ ಗುಳ್ಳ ಬದನೆಯ ಹುಳಿ, ಹಲಸಿನಕಾಯಿ ಹಪ್ಪಳ, ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನೆಲೆಗೆ ಅಕ್ಕಿಹಿಟ್ಟು ಸವರಿ ಸುತ್ತಿ ಮಾಡುವ ಪತ್ರೊಡೆ. ಹೊಸ ಬರಹ ಹಾಕಿದ ಕೂಡಲೇ ಪೇಜಿನಲ್ಲಿ ಒಂದು ಫೋಟೊ, ಎರಡು ಸಾಲು, ಕೆಳಗೆ ಲಿಂಕ್. ವರ್ಷಗಟ್ಟಲೆ ಇದೇ ರೂಢಿ. ಪೇಜಿಗೆ ಹನ್ನೊಂದು ಸಾವಿರ ಚಿಲ್ಲರೆ ಜನ ಇದ್ದಾರೆ. ಒಬ್ಬರನ್ನೂ ದುಡ್ಡು ಕೊಟ್ಟು ತಂದದ್ದಲ್ಲ.

ಕಳೆದ ವಾರ ಹಲಸಿನ ಬೀಜದ ಸಾರಿನ ಬಗ್ಗೆ ಹಾಕಿದೆ. ನೋಡಿದವರು 312. ಲಿಂಕ್ ಒತ್ತಿದವರು 9. ಆ ಒಂಬತ್ತರಲ್ಲಿ ಒಬ್ಬರು ನನ್ನ ಯಜಮಾನರು.

ಅದೂ ಇರಲಿ. ಮೊನ್ನೆ ರಥಬೀದಿಯಲ್ಲಿ ಒಬ್ಬರು ಸಿಕ್ಕಿದರು. ನನ್ನ ಮೊದಲ ಓದುಗರಲ್ಲಿ ಒಬ್ಬರು, ಪ್ರತಿ ಪೋಸ್ಟಿಗೂ ಏನಾದರೂ ಬರೆಯುತ್ತಿದ್ದವರು. "ನೀವು ಈಗ ಬರೆಯುವುದು ಬಿಟ್ಟಿರಾ?" ಅಂತ ಕೇಳಿದರು. ಬಿಟ್ಟಿಲ್ಲ ಅಕ್ಕ, ಮೊನ್ನೆಯೂ ಬರೆದೆ ಅಂದೆ. ಅವರು ನಂಬಲಿಲ್ಲ. ಅಲ್ಲೇ ಕೊಡೆ ಹಿಡಿದು ಫೋನ್ ತೆಗೆದು ನೋಡಿದರು. ನನ್ನ ಪೇಜನ್ನು ಫಾಲೋ ಮಾಡಿದ್ದಾರೆ, ಆದರೆ ನನ್ನದು ಒಂದೂ ಕಾಣಿಸುವುದಿಲ್ಲ. ಅವರಿಗೆ ಕಾಣಿಸುತ್ತಿದ್ದದ್ದು ಯಾರೋ ಒಂದು ಸಾವಿರ ಮೊಟ್ಟೆ ಒಡೆದು ಆಮ್ಲೆಟ್ ಮಾಡುವ ವಿಡಿಯೊ.

ನಾನು ಮಾಡಿ ನೋಡಿದ್ದು: ರಾಶಿ ಹ್ಯಾಶ್‌ಟ್ಯಾಗ್, ಸಂಜೆ ಏಳಕ್ಕೇ ಪೋಸ್ಟ್, ಒಂದು ರೀಲ್. ಕ್ಯಾಮೆರಾ ನೋಡುತ್ತ ಮಾತಾಡುವಾಗ ಹಿಂದೆ ಸಾಂಬಾರು ಉಕ್ಕಿ ಸ್ಟವ್ ಆರಿಹೋಯಿತು. ಇನ್ನೊಂದು ರೀಲ್ ಮಾಡುವ ಧೈರ್ಯ ಬರಲಿಲ್ಲ.

ನಿಮ್ಮಲ್ಲಿ ಬ್ಲಾಗ್ ಬರೆಯುವವರು ಹೇಗೆ ಸುಧಾರಿಸುತ್ತಿದ್ದೀರಿ?

ಬಂಗುಡೆ ಪುಳಿಮುಂಚಿ · ಸುರತ್ಕಲ್ · ಜುಲೈ 9

ಅಕ್ಕಾ ರೀಲ್ಸ್ ಹಾಕಿ. ಫೋಟೊ, ಲಿಂಕ್ ಎಲ್ಲ ಮುಗಿದ ಕಥೆ. ಟ್ರೆಂಡಿಂಗ್ ಆಡಿಯೊ, ದಿನಕ್ಕೆ ಎರಡು. ಸಾಂಬಾರು ಉಕ್ಕಿದ್ದನ್ನೇ ಹಾಕಬೇಕಿತ್ತು, ವೈರಲ್ ಆಗ್ತಿತ್ತು 😄

ಮಲ್ಪೆ ಗಾಳಿ · ಜುಲೈ 9

ಏನೂ ಮಾಡಲಿಕ್ಕಿಲ್ಲ. ಅವರ ಜಾಗ, ಅವರ ಕಾನೂನು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ ಅಂತ ಅಳುವುದು ಯಾಕೆ? ನಾನು ಎರಡು ವರ್ಷ ಹಿಂದೆಯೇ ಎಲ್ಲ ಬಿಟ್ಟೆ. ನಿದ್ದೆ ಲಾಯ್ಕ ಬರ್ತದೆ.

ಬಿಜೈ ಬಸ್ಸು · ಮಂಗಳೂರು · ಜುಲೈ 10

ಅಕ್ಕ, ನಾನು ಇದೇ ಕೆಲಸದಲ್ಲಿ ಹೊಟ್ಟೆ ಹೊರೆಯುವವನು. ಬಟ್ಟೆ ಅಂಗಡಿ, ಐಸ್‌ಕ್ರೀಂ ಪಾರ್ಲರ್, ಒಂದೆರಡು ಕ್ಲಿನಿಕ್, ಇವರ ಪೇಜ್ ನೋಡಿಕೊಳ್ಳುತ್ತೇನೆ. ಉದ್ದ ಆಗ್ತದೆ, ಚಾ ಇಟ್ಟುಕೊಂಡು ಓದಿ.

ಮೊದಲನೆಯದು, ಅಲ್ಗೊರಿದಂ, ಅಂದರೆ ಯಾರಿಗೆ ಎಂತ ತೋರಿಸಬೇಕು ಅನ್ನುವ ಯಂತ್ರದ ಲೆಕ್ಕ, ಒಂದೇ ಒಂದು ಅಲ್ಲ. ಒಂದೊಂದು ಗುತ್ತಿನ ಮನೆಗೆ ಒಂದೊಂದು ದೈವ, ನಡಾವಳಿಯೂ ಬೇರೆ ಬೇರೆ, ಹಾಗೆ. ಇನ್‌ಸ್ಟಾಗ್ರಾಂ ಒಳಗೇ ಫೀಡಿಗೆ ಒಂದು ಲೆಕ್ಕ, ಸ್ಟೋರಿಗೆ ಒಂದು, ರೀಲ್ಸಿಗೆ ಒಂದು, ಹುಡುಕಾಟಕ್ಕೆ ಇನ್ನೊಂದು. ಸ್ಟೋರಿ ಹೆಚ್ಚಾಗಿ ನಿಮ್ಮ ಹತ್ತಿರದವರಿಗೆ ಹೋಗ್ತದೆ. ರೀಲ್ಸ್ ನಿಮ್ಮನ್ನು ಗೊತ್ತೇ ಇಲ್ಲದವರಿಗೆ. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಆಗುವುದಿಲ್ಲ.

ಎರಡನೆಯದು, ಇದು ನಿನ್ನೆ ಮೊನ್ನೆ ಆದದ್ದಲ್ಲ. ಇನ್‌ಸ್ಟಾಗ್ರಾಂ ಸಮಯದ ಸಾಲನ್ನು ಬಿಟ್ಟು ತನ್ನ ಲೆಕ್ಕದ ಸಾಲಿಗೆ ಹೋದದ್ದು 2016ರಲ್ಲಿ. 2018ರ ಜನವರಿಯಲ್ಲಿ ಫೇಸ್‌ಬುಕ್, ಇನ್ನು ಪೇಜುಗಳಿಗಿಂತ ಮನೆಯವರು, ಸ್ನೇಹಿತರ ಪೋಸ್ಟಿಗೇ ಜಾಸ್ತಿ ಜಾಗ ಅಂತ ಬಾಯಿಬಿಟ್ಟೇ ಹೇಳಿತು. ಆಗಲೇ ನಮ್ಮಂಥವರ ಪೇಜಿಗೆ ಅರ್ಧ ಬಾಗಿಲು ಹಾಕಿದ ಹಾಗಾಯಿತು. ಆಮೇಲೆ 2020ರ ಜೂನ್ 29ಕ್ಕೆ ಇಲ್ಲಿ ಟಿಕ್‌ಟಾಕ್ ನಿಂತಿತು, ಮರು ತಿಂಗಳೇ ರೀಲ್ಸ್ ಬಂತು. ಅಲ್ಲಿಂದ ಮುಂದೆ ನೀವು ಯಾರನ್ನು ಫಾಲೋ ಮಾಡಿದ್ದೀರಿ ಅನ್ನುವುದಕ್ಕಿಂತ ನೀವು ಯಾವುದರ ಮೇಲೆ ಬೆರಳು ನಿಲ್ಲಿಸಿದಿರಿ ಅನ್ನುವುದೇ ಮುಖ್ಯ ಆಯಿತು. ರಥಬೀದಿಯ ಆ ಅಕ್ಕ ಒಂದು ಸಲ ಮೊಟ್ಟೆ ವಿಡಿಯೊ ಪೂರ್ತಿ ನೋಡಿರಬೇಕು. ಅಲ್ಲಿಗೆ ಮುಗಿಯಿತು.

ಹಾಗಾಗಿ ಫಾಲೋವರ್ಸ್ ಸಂಖ್ಯೆ ಈಗ ಮತದಾರರ ಪಟ್ಟಿ ಇದ್ದ ಹಾಗೆ. ಹೆಸರು ಉಂಟು, ಬೂತಿಗೆ ಬರ್ತಾರಾ ಗೊತ್ತಿಲ್ಲ.

ಮೂರನೆಯದು, ಇದನ್ನು ಸರಿಯಾಗಿ ಓದಿ. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ ತಾವು ಮುಖ್ಯವಾಗಿ ನೋಡುವ ಮೂರು ಸಂಗತಿ ಹೇಳಿದರು. ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಒತ್ತಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ಈಗಾಗಲೇ ಫಾಲೋ ಮಾಡುವವರ ಹತ್ತಿರ ಹೋಗಲಿಕ್ಕೆ ಲೈಕ್ ಸ್ವಲ್ಪ ಹೆಚ್ಚು ಕೆಲಸ ಮಾಡ್ತದೆ, ಹೊಸಬರ ಹತ್ತಿರ ಹೋಗಲಿಕ್ಕೆ ಕಳಿಸುವುದು. ನಿಮಗೆ ಹೊಸಬರು ಬೇಕಲ್ವಾ? ಹಾಗಾದರೆ "ಚೆನ್ನಾಗಿದೆ" ಅನ್ನಿಸುವ ಫೋಟೊ ಸಾಲದು. "ಇದನ್ನು ಅವಳಿಗೆ ಕಳಿಸಬೇಕು" ಅನ್ನಿಸಬೇಕು. ಯಾರು ಆ ಅವಳು ಅಂತ ಬರೆಯುವ ಮೊದಲೇ ನಿಮಗೆ ಗೊತ್ತಿರಬೇಕು.

ಇನ್ನು ಚಿಲ್ಲರೆ ವಿಷಯ. ಹ್ಯಾಶ್‌ಟ್ಯಾಗ್ ಫಾಲೋ ಮಾಡುವ ವ್ಯವಸ್ಥೆಯನ್ನೇ ಇನ್‌ಸ್ಟಾಗ್ರಾಂ 2024ರ ಡಿಸೆಂಬರಲ್ಲಿ ತೆಗೆದಿದೆ. ರಾಶಿ ಹಾಕುವುದು ಸುಮ್ನೆ. ಊರು, ಅಡುಗೆ, ಕಾಲ, ಮೂರು ನಾಲ್ಕು ಸಾಕು. "ಲೈಕ್ ಮಾಡಿ, ಐದು ಜನರನ್ನು ಟ್ಯಾಗ್ ಮಾಡಿ" ಅಂತ ಬೇಡಬೇಡಿ, ಅಂಥದ್ದನ್ನು ಫೇಸ್‌ಬುಕ್ 2017ರಿಂದಲೇ ಕೆಳಗೆ ತಳ್ಳುತ್ತಿದೆ. ಇನ್ನೊಂದು ಆ್ಯಪಿನ ಮುದ್ರೆ ಇರುವ ವಿಡಿಯೊವನ್ನು ಹಾಗೇ ತಂದು ಹಾಕಬೇಡಿ. ಮತ್ತೆ ಸೆಟ್ಟಿಂಗ್ಸ್ ಒಳಗೆ ಅಕೌಂಟ್ ಸ್ಟೇಟಸ್ ಅಂತ ಉಂಟು, ಒಮ್ಮೆ ನೋಡಿ. ನಿಮ್ಮ ಪೋಸ್ಟನ್ನು ಹೊಸಬರಿಗೆ ತೋರಿಸಲು ಅಡ್ಡಿ ಇದ್ದರೆ ಅಲ್ಲಿ ಬರೆದಿರ್ತದೆ. ಜನ ಸುಮ್ಮಸುಮ್ಮನೆ ಶ್ಯಾಡೊಬ್ಯಾನ್, ಅಂದರೆ ಗುಟ್ಟಾಗಿ ಮರೆಮಾಡಿದ್ದಾರೆ, ಅಂತ ಹೆದರುವುದು.

ಲಿಂಕ್ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಗಿರಾಕಿ ಬಂದರು.

ಪರವೂರ ಸೊಸೆ · ಜುಲೈ 10

ಕೆಸುವಿನೆಲೆ ಅಕ್ಕ, ನಿಮ್ಮ ಬ್ಲಾಗ್ ನಾನು ಓದ್ತೇನೆ! ನಿಮ್ಮ ಅಳತೆ ಎಲ್ಲ ಕುಡ್ತೆಯಲ್ಲಿ ಇರ್ತದೆ. ನಾನು ಹುಬ್ಬಳ್ಳಿ ಕಡೆಯವಳು, ಮದುವೆಯಾಗಿ ಪುತ್ತೂರಿಗೆ ಬಂದದ್ದು. ಒಂದು ಕುಡ್ತೆ ಅಂದರೆ ಎಷ್ಟು?

ಹಳೇ ಬ್ಲಾಗಿಗ · ಮಣಿಪಾಲ · ಜುಲೈ 10

ಬಿಜೈಯವರು ಹೇಳಿದ್ದು ಸರಿ. ಆದರೆ ಇತಿಹಾಸವನ್ನು ಅವರು 2016ರಿಂದ ಶುರು ಮಾಡಿದರು. ನನಗೆ ಅದು ನಿನ್ನೆಯ ಸುದ್ದಿ.

ನಾನು ಬ್ಯಾಂಕಿನಲ್ಲಿದ್ದಾಗ, 2007ರಲ್ಲಿ, ಬ್ಲಾಗ್‌ಸ್ಪಾಟಿನಲ್ಲಿ ಬರೆಯಲು ಕುಳಿತವನು. ಆಗ ಫಾಲೋವರ್ ಅಂದರೆ ಬ್ಲಾಗುಗಳನ್ನೆಲ್ಲ ಒಂದೇ ಕಡೆ ಓದುವ ಗೂಗಲ್ ರೀಡರಿನಲ್ಲಿ ನಮ್ಮನ್ನು ಸೇರಿಸಿಕೊಂಡವರು. ನಾನು ಬರೆದದ್ದು ನೂರಕ್ಕೆ ನೂರು ಅವರ ಹತ್ತಿರ ಹೋಗುತ್ತಿತ್ತು. ಮೊದಲು ಬರೆದದ್ದು ಕೆಳಗೆ, ಆಮೇಲೆ ಬರೆದದ್ದು ಮೇಲೆ. ಅಷ್ಟೇ ಅಲ್ಗೊರಿದಂ. 2013ರ ಜುಲೈ 1ರಂದು ಅದನ್ನು ಮುಚ್ಚಿದರು. ನನ್ನ ಓದುಗರಲ್ಲಿ ಅರ್ಧ ಜನ ಅವತ್ತು ಎಲ್ಲಿ ಹೋದರೋ ಇವತ್ತಿಗೂ ಗೊತ್ತಿಲ್ಲ. ಹೆಸರು ಗೊತ್ತಿತ್ತು, ವಿಳಾಸ ಬರೆದಿಟ್ಟುಕೊಂಡಿರಲಿಲ್ಲ.

ಒಂದು ತಮಾಷೆ ನೋಡಿ. ಹರ್ಮನ್ ಮೋಗ್ಲಿಂಗ್ ನಮ್ಮ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದೂ ಜುಲೈ 1ರಂದೇ, 1843ರಲ್ಲಿ. ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ, ತಿಂಗಳಿಗೆ ಎರಡು ಸಲ. ಮರು ವರ್ಷವೇ ಅದು ಬಳ್ಳಾರಿಗೆ ಹೋಯಿತು. ಓದುಗರಿಗೆ ತಲುಪಿಸುವ ಮಂಡೆಬಿಸಿ ಈ ಊರಿಗೆ ಹೊಸತಲ್ಲ.

ನಾನು ಮಾಡಿದ್ದು ಇಷ್ಟೆ. ರೀಡರ್ ಹೋದ ಮೇಲೆ ಬ್ಲಾಗಿನ ಬದಿಯಲ್ಲಿ ಇಮೇಲ್ ಕೇಳುವ ಒಂದು ಡಬ್ಬಿ ಇಟ್ಟೆ. ಹನ್ನೆರಡು ವರ್ಷದ ಮೇಲಾಯಿತು, 740 ಜನ ಇದ್ದಾರೆ. ನಗಬೇಡಿ. ತಿಂಗಳಿಗೊಂದು ಪತ್ರ ಕಳಿಸುತ್ತೇನೆ. ಅರ್ಧಕ್ಕಿಂತ ಜಾಸ್ತಿ ಜನ ತೆರೆಯುತ್ತಾರೆ, ಇಪ್ಪತ್ತು ಮೂವತ್ತು ಜನ ಉತ್ತರ ಬರೆಯುತ್ತಾರೆ. ಆ ಪಟ್ಟಿ ನನ್ನ ಕಂಪ್ಯೂಟರಿನಲ್ಲಿದೆ. ನಾಳೆ ಕಳಿಸುವ ಸೇವೆಯೇ ಮುಚ್ಚಿದರೂ ಪಟ್ಟಿ ಎತ್ತಿಕೊಂಡು ಇನ್ನೊಂದು ಕಡೆ ಹೋಗಬಹುದು.

ಬಂಗುಡೆ ಪುಳಿಮುಂಚಿ · ಜುಲೈ 10

ಸರ್, ಈಗಿನವರು ಇಮೇಲ್ ನೋಡುವುದು ಓಟಿಪಿ ಬಂದಾಗ ಮಾತ್ರ.

ಹಳೇ ಬ್ಲಾಗಿಗ · ಜುಲೈ 10

ಈಗಿನವರು ನನ್ನನ್ನು ಓದುವುದೂ ಇಲ್ಲ ಮಗ. ಲೆಕ್ಕ ಸರಿಯಾಯಿತು.

ಕೆಸುವಿನೆಲೆ · ಜುಲೈ 11

ಬಿಜೈ ಅಣ್ಣ, ನೀವು ಹೇಳಿದ ಮೇಲೆ ನಿನ್ನೆ ರಾತ್ರಿ ಕುಳಿತು ಹಳೇ ಪೋಸ್ಟುಗಳ ಲೆಕ್ಕ ತೆಗೆದೆ. ಇಷ್ಟು ವರ್ಷ ನಾನು ನೋಡುತ್ತಿದ್ದದ್ದು ಹೃದಯದ ಚಿಹ್ನೆ ಒಂದನ್ನೇ. ಪಕ್ಕದಲ್ಲಿ ಕಳಿಸಿದ್ದು, ಉಳಿಸಿಕೊಂಡದ್ದು ಅಂತ ಬೇರೆ ಲೆಕ್ಕ ಉಂಟು ಅಂತಲೇ ಗಮನಿಸಿರಲಿಲ್ಲ.

ಮಟ್ಟು ಗುಳ್ಳದ ಫೋಟೊ ಒಂದು ಉಂಟು. ಕಿಟಕಿ ಬೆಳಕಿನಲ್ಲಿ, ಬಾಳೆಲೆ ಮೇಲೆ, ನೀರಹನಿ ಚಿಮುಕಿಸಿ ತೆಗೆದದ್ದು. ಒಂದು ಬೆಳಗ್ಗೆ ಪೂರ್ತಿ ಅದಕ್ಕೇ ಹೋಯಿತು. 900 ಲೈಕ್. ಕಳಿಸಿದವರು 4.

ಇನ್ನೊಂದು ಉಂಟು, ನಾಚಿಕೆಯಾಗ್ತದೆ ಹೇಳಲಿಕ್ಕೆ. ಎರಡು ವರ್ಷ ಹಿಂದೆ ಕರೆಂಟ್ ಇಲ್ಲದ ದಿನ ತೆಗೆದದ್ದು. ಗೋಡೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂಬದಿಯಲ್ಲಿ ಅತ್ತೆ ಪೆನ್ಸಿಲಿನಲ್ಲಿ ಬರೆದುಕೊಂಡ ಪತ್ರೊಡೆಯ ಅಳತೆ. ಇಷ್ಟು ಎಲೆಗೆ ಇಷ್ಟು ಕುಡ್ತೆ ಬೆಳ್ತಿಗೆ ಅಕ್ಕಿ, ಇಷ್ಟು ಮೆಣಸು, ಇಷ್ಟು ಹುಳಿ. ಮೂಲೆಯಲ್ಲಿ ಅರಸಿನದ ಹೆಬ್ಬೆರಳ ಗುರುತು. ಬೇರೆ ಏನೂ ಇಲ್ಲ ಅಂತ ಅದನ್ನೇ ಹಾಕಿದ್ದೆ. ಲೈಕ್ 110. ಕಳಿಸಿದವರು 386. ಉಳಿಸಿಕೊಂಡವರು ಅದಕ್ಕೂ ಜಾಸ್ತಿ.

ಎಂತ ಹೇಳಲಿ. ನಾನು ಬಾಳೆಲೆ ಒರೆಸುತ್ತ ಕೂತಿದ್ದೆ, ಜನಕ್ಕೆ ಬೇಕಾದದ್ದು ಅತ್ತೆಯ ಚೀಟಿ.

ಬಿಜೈ ಬಸ್ಸು · ಜುಲೈ 11

ಅದೇ! ಆ ಚೀಟಿಯನ್ನು ಯಾರು ಯಾರಿಗೆ ಕಳಿಸಿದರು? ಅಮ್ಮ ಮಗಳಿಗೆ, ಅತ್ತಿಗೆ ನಾದಿನಿಗೆ, ದುಬೈಯಲ್ಲಿ ರೂಮ್ ಮಾಡಿಕೊಂಡಿರುವ ತಮ್ಮನಿಗೆ. ಬಾಳೆಲೆ ಫೋಟೊವನ್ನು ಯಾರಿಗೆ ಕಳಿಸುವುದು, ಯಾಕೆ ಕಳಿಸುವುದು?

ಈಗ ಲಿಂಕ್. ಯಾವ ಆ್ಯಪಿಗೂ ನೀವು ಹೊರಗೆ ಹೋಗುವುದು ಇಷ್ಟ ಇಲ್ಲ. ಎಕ್ಸ್, ಅಂದರೆ ಹಳೇ ಟ್ವಿಟರ್, ವಿಷಯದಲ್ಲಂತೂ 2024ರ ನವೆಂಬರಲ್ಲಿ ಅದರ ಮಾಲೀಕ ಮಸ್ಕ್ ಅವರೇ ಹೇಳಿದರು, ಮೇಲೆ ವಿವರ ಬರೆಯಿರಿ, ಲಿಂಕನ್ನು ಕೆಳಗೆ ಉತ್ತರದಲ್ಲಿ ಹಾಕಿ ಅಂತ. ಹಾಗಾಗಿ "ಪೂರ್ತಿ ಓದಲು ಇಲ್ಲಿ ಒತ್ತಿ" ಅನ್ನುವ ಅರ್ಧ ಪೋಸ್ಟ್ ಬಿಟ್ಟುಬಿಡಿ. ಪೋಸ್ಟೇ ಪೂರ್ತಿ ಇರಲಿ. ಅಳತೆ ಪೂರ್ತಿ ಕೊಡಿ. ಎಲೆ ತುರಿಸದ ಹಾಗೆ ಎಂತ ಮಾಡಬೇಕು, ಹುಳಿ ಯಾಕೆ ಬೇಕು, ಮರಕೆಸುವಿಗೂ ಗದ್ದೆ ಕೆಸುವಿಗೂ ಎಂತ ವ್ಯತ್ಯಾಸ, ಅದು ಬ್ಲಾಗಿನಲ್ಲಿರಲಿ. ಪೋಸ್ಟಿನಲ್ಲಿ ಹೊಟ್ಟೆ ತುಂಬಿದವರೇ ಬ್ಲಾಗಿಗೆ ಬರುವುದು. ಹಸಿದವರು ಬರುತ್ತಾರೆ ಅಂತ ನಾವು ತಿಳಿದದ್ದು ತಪ್ಪು.

ಮಲ್ಪೆ ಗಾಳಿ · ಜುಲೈ 11

ಅಂದರೆ ಇನ್ನು ಅಡುಗೆ ಮಾಡುವುದೂ ಯಂತ್ರಕ್ಕೆ ರುಚಿಸುವ ಹಾಗೆ. ಭೇಷ್.

ಬಿಜೈ ಬಸ್ಸು · ಜುಲೈ 11

ಅಣ್ಣ, ಅತ್ತೆ ಆ ಚೀಟಿ ಬರೆಯುವಾಗ ಯಾವ ಯಂತ್ರ ಇತ್ತು?

ಚೆಂಡೆಪೆಟ್ಟು · ಕೋಟ · ಜುಲೈ 12

ಹ್ವಾಯ್, ನಾನು ಯಕ್ಷಗಾನದ ಫೋಟೊ, ಬರಹ ಹಾಕುವವನು. ನನ್ನ ಅನುಭವ ಸ್ವಲ್ಪ ಬೇರೆ.

ಆಟದ ವಿಡಿಯೊ ಹಾಕಿದರೆ ಹೋಗುವುದಿಲ್ಲ. ರಾತ್ರಿ ಬೆಳಕು, ದೂರದ ರಂಗಸ್ಥಳ, ಕ್ಯಾಮೆರಾ ಮುಂದೆ ಯಾರದ್ದೋ ತಲೆ. ಜನ ಎರಡು ಸೆಕೆಂಡಲ್ಲಿ ದಾಟಿ ಹೋಗ್ತಾರೆ. ಒಂದು ಸಲ ಚೌಕಿಗೆ, ಅಂದರೆ ವೇಷ ಕಟ್ಟುವ ಕೋಣೆಗೆ, ಹೋಗಿ ರಾಕ್ಷಸರ ಬಣ್ಣದ ವೇಷಕ್ಕೆ ಚಿಟ್ಟಿ ಇಡುವುದನ್ನು ಹತ್ತಿರದಿಂದ ತೆಗೆದೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ, ಕಡ್ಡಿ ತುದಿಯಲ್ಲಿ ಒಂದೊಂದೇ ಚುಕ್ಕೆ, ಮುಖದ ಮೇಲೆ ಮುಳ್ಳಿನ ಸಾಲು ಏಳುವ ಹಾಗೆ. ಮಾತಿಲ್ಲ, ಹಾಡಿಲ್ಲ. ಹಿಂದೆ ಚೆಂಡೆ ಹದ ಮಾಡುವ ಶಬ್ದ ಮಾತ್ರ. ಒಂದೂವರೆ ನಿಮಿಷ. ನನ್ನ ಪೇಜಿನಲ್ಲಿ ಅದಕ್ಕಿಂತ ಹೆಚ್ಚು ಜನ ನೋಡಿದ್ದು ಬೇರೆ ಇಲ್ಲ. ಅದರ ಕೆಳಗೆ ಚಿಟ್ಟಿ ಬಗ್ಗೆ ಆರು ಸಾಲು ಬರೆದಿದ್ದೆ. ಓದಲಿಕ್ಕೆ ನಿಂತವರಿಗೆ ವಿಡಿಯೊ ಮತ್ತೆ ಮತ್ತೆ ಓಡುತ್ತಿತ್ತು. ಅದನ್ನೂ ನೋಡಿದ ಹೊತ್ತು ಅಂತಲೇ ಲೆಕ್ಕ ಹಿಡಿದರೋ ಏನೋ 😄

ಇನ್ನೊಂದು, ಕೊಲಾಬ್. ಒಂದೇ ಪೋಸ್ಟ್ ಇಬ್ಬರ ಪೇಜಿನಲ್ಲೂ ಬರುವ ಹಾಗೆ ಮಾಡುವುದು, 2021ರಿಂದ ಉಂಟು. ನಾನು ಆ ವೇಷಧಾರಿಯನ್ನೇ ಸೇರಿಸಿಕೊಂಡೆ. ಅವರ ಅಭಿಮಾನಿಗಳು ನನ್ನ ಕಡೆ ಬಂದರು. ಕೆಸುವಿನೆಲೆ ಅಕ್ಕ, ನೀವು ಮಟ್ಟುವಿನ ಗುಳ್ಳ ಬೆಳೆಯುವವರಲ್ಲಿ ಯಾರಾದರೂ ಪೇಜ್ ಇಟ್ಟಿದ್ದರೆ ಕೇಳಿ ನೋಡಿ.

ನನ್ನ ಕಷ್ಟ ಎಂತ ಅಂದರೆ, ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಮೇಳಗಳಿಗೆ ರಜೆ. ದೀಪಾವಳಿವರೆಗೆ ನನಗೆ ಹೊಸ ಸರಕಿಲ್ಲ. ಮೊದಲ ಎರಡು ವರ್ಷ ಆರು ತಿಂಗಳು ಸುಮ್ಮನಿದ್ದೆ. ನವೆಂಬರಲ್ಲಿ ಬಂದರೆ ಪೇಜು ಬಾಗಿಲು ಮುಚ್ಚಿದ ಮನೆಯ ಹಾಗೆ. ಈಗ ಮಳೆಗಾಲದಲ್ಲಿ ಮನೆಮನೆಗೆ ಬರುವ ಚಿಕ್ಕಮೇಳದ ಜೊತೆ ಹೋಗ್ತೇನೆ. ಜಗಲಿಯಲ್ಲಿ ಆಟ, ಹೊರಗೆ ಮಳೆ. ಅದಕ್ಕೆ ಜನ ಕಾಯುತ್ತಾರೆ.

ಡಿಟಿಪಿ ಮಾಮ್ · ಹಂಪನಕಟ್ಟೆ · ಜುಲೈ 12

ಯಾರೂ ಹೇಳದ ಒಂದು ವಿಷಯ ಹೇಳ್ತೇನೆ. ನೀವು ಕನ್ನಡದಲ್ಲಿ ಬರೆದದ್ದು ಯಂತ್ರಕ್ಕೆ ಕನ್ನಡ ಅಂತ ಗೊತ್ತಾಗುವುದೇ ಇಲ್ಲ, ಎಷ್ಟೋ ಸಲ.

ನನ್ನ ಅಂಗಡಿಗೆ ಬರುವವರು ಹಳೇ 'ನುಡಿ' ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿ, ಚಿತ್ರ ಮಾಡಿಸಿ, ಹಿಂದೆ ಒಂದು ತಾವರೆ ಹಾಕಿ ಪೋಸ್ಟ್ ಮಾಡ್ತಾರೆ. ನೋಡಲಿಕ್ಕೆ ಚಂದ. ಹುಡುಕಿದರೆ ಸಿಗಬೇಕಲ್ಲ? ಆಸ್ಕಿಯಲ್ಲಿ ಇರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ. ಯಂತ್ರಕ್ಕೂ ಕನ್ನಡ ಅಂತಲೇ ಗೊತ್ತಾಗುವ ಯುನಿಕೋಡಲ್ಲಿ ಬರೆಯಿರಿ, ಚಿತ್ರದ ಜೊತೆ ಅದೇ ಮಾತು ಬರಹದಲ್ಲೂ ಇರಲಿ. ಆಲ್ಟ್ ಟೆಕ್ಸ್ಟ್ ಅಂತ ಒಂದು ಜಾಗ ಉಂಟು, ಅಲ್ಲಿ ಚಿತ್ರದಲ್ಲಿ ಎಂತ ಉಂಟು ಅಂತ ಒಂದು ಸಾಲು ಬರೆಯಿರಿ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳ್ತದೆ, ಅದೇ ಮುಖ್ಯ. ಹುಡುಕಾಟಕ್ಕೂ ಸಹಾಯ.

ಹೆಸರನ್ನು ಜನ ಹುಡುಕುವ ಹಾಗೆಲ್ಲ ಬರೆಯಿರಿ. ಪತ್ರೊಡೆ, ಪತ್ರೋಡೆ, ಜೊತೆಗೆ ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ. ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕದವರೇ ಜಾಸ್ತಿ.

ಕಾಪು ದೀಪಸ್ತಂಭ · ಜುಲೈ 13

ತುಳುವಿನಲ್ಲಿ ಬರೆದರೆ ಹೇಗೆ? ರೀಚ್ ಕಡಿಮೆ ಆಗ್ತದಾ?

ಡಿಟಿಪಿ ಮಾಮ್ · ಜುಲೈ 13

ಕಮೆಂಟ್ ಜಾಸ್ತಿ, ಹುಡುಕಿ ಬರುವವರು ಕಡಿಮೆ. ಗೂಗಲ್ ಟ್ರಾನ್ಸ್‌ಲೇಟಿಗೆ ತುಳು ಬಂದದ್ದೇ 2024ರ ಜೂನಿನಲ್ಲಿ. ನಾನಾದರೆ ವಿಡಿಯೊದಲ್ಲಿ ತುಳು ಮಾತಾಡಿ, ಕೆಳಗೆ ಕನ್ನಡ ಬರೆಯುತ್ತೇನೆ.

ಪರವೂರ ಸೊಸೆ · ಜುಲೈ 13

ಕುಡ್ತೆ??

ಬಂಗುಡೆ ಪುಳಿಮುಂಚಿ · ಜುಲೈ 14

ಇಲ್ಲಿ ಎಲ್ಲರೂ ದೊಡ್ಡವರು, ನಾನು ಬಾಯಿಬಿಟ್ಟು ಒಂದು ಸತ್ಯ ಹೇಳ್ತೇನೆ. ಬೈಬೇಡಿ.

ಹೋದ ವರ್ಷ ನಾನು ಐದು ಸಾವಿರ ಫಾಲೋವರ್ಸ್ ತಗೊಂಡೆ. ದುಡ್ಡು ಕೊಟ್ಟು. ಯಾರ ಹತ್ತಿರ ಅಂತ ಕೇಳಬೇಡಿ. ಒಂದೇ ರಾತ್ರಿಯಲ್ಲಿ ಬಂದರು. ಹೆಸರು ನೋಡಿದರೆ ಎಲ್ಲ ಯಾವುದೋ ದೇಶದವರು. ಬಂಗುಡೆ ಅಂದರೆ ಮೀನೋ ಊರೋ ಗೊತ್ತಿಲ್ಲದವರು. ಮೊದಲ ವಾರ ಖುಷಿ. ಆಮೇಲೆ ನನ್ನ ಪೋಸ್ಟ್ ಮೊದಲು ಅವರ ಮುಂದೆ ಹೋಗುವುದು, ಅವರು ಮುಟ್ಟುವುದಿಲ್ಲ. ಯಾರೂ ಮುಟ್ಟದ್ದನ್ನು ಮುಂದೆ ಯಾರಿಗೆ ತೋರಿಸ್ತಾರೆ? ಮೊದಲು ಎರಡು ಸಾವಿರ ಜನ ನೋಡ್ತಿದ್ದದ್ದು ಆರುನೂರಕ್ಕೆ ಬಂತು. ಕಡೆಗೆ ಒಬ್ಬೊಬ್ಬರನ್ನೇ ಕೈಯಿಂದ ತೆಗೆದೆ. ಮೂರು ರಾತ್ರಿ. ಅಮ್ಮ ಪರೀಕ್ಷೆಗೆ ಓದುತ್ತಿದ್ದೇನೆ ಅಂತ ತಿಳಿದು ಹಾರ್ಲಿಕ್ಸ್ ಕೊಟ್ಟರು.

ಈಗ ದಿನಕ್ಕೆ ಎರಡು ಹಾಕುವುದೂ ಬಿಟ್ಟೆ. ವಾರಕ್ಕೆ ಮೂರು. ಮೇಲೆ ಕೊಟ್ಟ ಸಲಹೆ ನಾನೇ ಪಾಲಿಸ್ತಾ ಇಲ್ಲ, ಸುಮ್ನೆ ಬಾಯಿಗೆ ಬಂದದ್ದು ಬರೆದೆ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗಿಳಿಯುವುದಿಲ್ಲ, ತಾಜಾ ಮೀನು ದುಬಾರಿ. ಈ ಎರಡು ತಿಂಗಳು ಒಣಮೀನಿನ ಚಟ್ನಿ, ಒಣ ಸಿಗಡಿ. ಊರಿನವರು ಆಗ ಅದನ್ನೇ ತಿನ್ನುವುದು, ಅದನ್ನೇ ಹುಡುಕುವುದು. ಆಗಸ್ಟ್ ಮೊದಲ ವಾರಕ್ಕೆ ಬಂಗುಡೆ ಸಾಫ್ ಮಾಡುವ ವಿಡಿಯೊ ಈಗಲೇ ತೆಗೆದಿಟ್ಟಿದ್ದೇನೆ.

ಬಿಜೈ ಬಸ್ಸು · ಜುಲೈ 14

ಇದನ್ನು ಹೇಳಲಿಕ್ಕೆ ಧೈರ್ಯ ಬೇಕು ಮಾರಾಯ. ನನ್ನ ಗಿರಾಕಿಗಳಿಗೆ ನಿನ್ನ ಕಥೆ ತೋರಿಸ್ತೇನೆ. ವಾರಕ್ಕೊಮ್ಮೆ ಯಾರಾದರೂ ಒಬ್ಬರು "ಫಾಲೋವರ್ಸ್ ಕೊಡಿಸಿ" ಅಂತ ಕೇಳ್ತಾರೆ.

ಹಳೇ ಬ್ಲಾಗಿಗ · ಜುಲೈ 15

ಇಮೇಲ್ ಬೇಡ ಅಂದವರಿಗೆ ಇನ್ನೊಂದು ದಾರಿ. ವಾಟ್ಸಾಪ್ ಚಾನೆಲ್. 2023ರ ಸೆಪ್ಟೆಂಬರಲ್ಲಿ ಭಾರತಕ್ಕೆ ಬಂತು. ನಾನು ಮೊದಲು ಗ್ರೂಪ್ ಮಾಡಿ ಪೆಟ್ಟು ತಿಂದವನು. 1024 ಜನರ ಮಿತಿ, ಬೆಳಗಾದರೆ ಎಲ್ಲರಿಂದ ಗುಡ್ ಮಾರ್ನಿಂಗ್ ಗುಲಾಬಿ, ನಡುವೆ ಯಾರೋ ರಾಜಕೀಯ, ಅಲ್ಲಿಂದ ಜಗಳ. ಬ್ರಾಡ್‌ಕಾಸ್ಟ್ ಪಟ್ಟಿಯಾದರೆ 256 ಜನ, ಅವರ ಫೋನಲ್ಲಿ ನನ್ನ ನಂಬರ್ ಸೇವ್ ಆಗಿರಬೇಕು. ಚಾನೆಲಿನಲ್ಲಿ ನಾವು ಮಾತ್ರ ಬರೆಯುವುದು. ಸೇರಿದವರಿಗೆ ನಮ್ಮ ನಂಬರ್ ಕಾಣುವುದಿಲ್ಲ. ಹೆಣ್ಣುಮಕ್ಕಳಿಗೆ ಅದು ದೊಡ್ಡ ನೆಮ್ಮದಿ ಅಂತ ನನ್ನ ಮಗಳು ಹೇಳುತ್ತಾಳೆ.

ಆದರೆ ಅದೂ ಬಾಡಿಗೆ ಮನೆಯೇ, ಮಲ್ಪೆ ಗಾಳಿಯವರು ಹೇಳಿದ ಹಾಗೆ. ಪಟ್ಟಿ ಎತ್ತಿಕೊಂಡು ಹೋಗಲಿಕ್ಕೆ ಆಗುವುದಿಲ್ಲ. ಹಾಗಾಗಿ ಇಮೇಲ್ ಡಬ್ಬಿಯನ್ನೂ ಮೂಲೆಯಲ್ಲಿ ಇಟ್ಟುಕೊಳ್ಳಿ.

ಕೆಸುವಿನೆಲೆ · ಆಗಸ್ಟ್ 11

ಒಂದು ತಿಂಗಳಾಯಿತು, ಲೆಕ್ಕ ಒಪ್ಪಿಸಲು ಬಂದೆ.

ಆಟಿ ಶುರುವಾದ ಮೇಲೆ ಅತ್ತೆಯ ಚೀಟಿಯನ್ನು ಇನ್ನೊಮ್ಮೆ ಬರೆಸಿದೆ. ಈ ಸಲವೂ ಕ್ಯಾಲೆಂಡರ್ ಹಿಂಬದಿಯೇ. "ಹೊಸ ಕಾಗದ ಕೊಡುತ್ತೇನೆ" ಅಂದರೆ ಅತ್ತೆ "ಇದು ಎಂತ ಆಗಿದೆ?" ಅಂದರು. ಚೀಟಿ ಒಂದು ಚಿತ್ರ. ಎರಡನೆಯದು ಎಲೆಯ ಹಿಂಬದಿಯ ದಪ್ಪ ನಾರು ಕತ್ತಿಯಲ್ಲಿ ಸವರುವುದು. ಮೂರನೆಯದು ಮೂರು ಎಲೆ ಹಾಸಿ ಹಿಟ್ಟು ಸವರಿ ಸುತ್ತುವಾಗ ಅತ್ತೆಯ ಕೈ. ಮುಖ ಇಲ್ಲ, ಮಾತಿಲ್ಲ. ಅಳತೆ ಪೂರ್ತಿ ಕೆಳಗೆ ಯುನಿಕೋಡಿನಲ್ಲಿ ಬರೆದೆ, ಡಿಟಿಪಿ ಮಾಮ್ ಹೇಳಿದ ಹಾಗೆ ಎರಡೂ ಕಾಗುಣಿತದಲ್ಲಿ. ಕೊನೆಗೆ ಒಂದೇ ಸಾಲು: "ಬೆಂಗಳೂರಿನ ಮಗಳಿಗೆ ಮರಕೆಸು ಬಸ್ಸಿಗೆ ಹಾಕುವವರು ಈ ಚೀಟಿಯನ್ನೂ ಜೊತೆಗೆ ಹಾಕಿ."

ಮೂರು ದಿನ ಏನೂ ಇಲ್ಲ. ನಾಲ್ಕನೆಯ ದಿನ ಒಬ್ಬರು ಬರೆದರು, ನಿಮ್ಮ ಕುಡ್ತೆ ಲೆಕ್ಕದಲ್ಲಿ ಮೆಣಸು ಜಾಸ್ತಿಯಾಯಿತು, ನಮ್ಮ ಕುಂದಾಪುರದ ಕಡೆ ಹೀಗಲ್ಲ ಅಂತ. ಅದಕ್ಕೆ ಪುತ್ತೂರಿನವರೊಬ್ಬರು ಉತ್ತರ ಕೊಟ್ಟರು. ಬೆಲ್ಲ ಹಾಕುವುದಾ ಬೇಡವಾ ಅಂತ ಕಾಸರಗೋಡಿನವರು ಸೇರಿಕೊಂಡರು. ನಾನು ಬಟ್ಟೆ ಒಗೆದು ಬರುವಷ್ಟರಲ್ಲಿ 90 ಕಮೆಂಟ್. ಯಾರೂ ಯಾರಿಗೂ ಬಿಟ್ಟುಕೊಡಲಿಲ್ಲ. ಆ ಪೋಸ್ಟನ್ನು ಒಟ್ಟು 14 ಸಾವಿರ ಜನ ನೋಡಿದರು. ಬ್ಲಾಗಿಗೆ ಬಂದವರು ಆರುನೂರು ಚಿಲ್ಲರೆ.

ಹೊಸ ಫಾಲೋವರ್ಸ್ ಎಷ್ಟು ಅಂತ ಕೇಳಿದರೆ 140 ಮಾತ್ರ. ಆದರೆ ಬ್ಲಾಗಿನ ಕೆಳಗೆ ಚಾನೆಲಿನ ಗುಂಡಿ ಇಟ್ಟಿದ್ದೆ. ಅಲ್ಲಿ 230 ಜನ ಸೇರಿದರು. ಇಮೇಲಿಗೆ 31. ಅದರ ಮರುದಿನ ತಜಂಕಿನ ಸೊಪ್ಪಿನ ವಡೆ ಹಾಕಿದೆ, ಇನ್ನೇನು ನಾನು ಗೆದ್ದೆ ಅಂತ. ನೋಡಿದವರು 480. ಮತ್ತೆ ಮೊದಲಿನ ಜಾಗಕ್ಕೇ! ಚಾನೆಲಿನಲ್ಲಿ ಅದೇ ವಡೆಯ ಲಿಂಕನ್ನು 70 ಜನ ಒತ್ತಿದರು. ಅದನ್ನು ನೋಡಿ ಸಮಾಧಾನ ಮಾಡಿಕೊಂಡೆ.

ರಥಬೀದಿಯ ಅಕ್ಕ ಮೊನ್ನೆ ಮತ್ತೆ ಸಿಕ್ಕಿದರು. ತೇರಿನ ಹತ್ತಿರ ನಿಂತು ಅವರ ಫೋನಿನಲ್ಲಿ ನಾನೇ ಚಾನೆಲ್ ಸೇರಿಸಿ, ಗಂಟೆಯ ಚಿಹ್ನೆ ಒತ್ತಿ ಕೊಟ್ಟೆ. ಕನ್ನಡಕ ತಂದಿರಲಿಲ್ಲ, "ಎಂತದ್ದೋ ಬಂತು" ಅಂದರು. ಸಂಜೆ ಹೊತ್ತಿಗೆ ಒಂದು ಹೆಬ್ಬೆರಳು ಬಂದಿತ್ತು. ಅವರದ್ದೇ ಇರಬೇಕು.

ಚೆಂಡೆಪೆಟ್ಟು · ಆಗಸ್ಟ್ 11

ಅಕ್ಕ, ಆ ಕುಂದಾಪುರದವರು ನನ್ನ ಚಿಕ್ಕಮ್ಮ. ಮನೆಯಲ್ಲಿ ಇನ್ನೂ ಅದೇ ಮಾತು.

ಮಲ್ಪೆ ಗಾಳಿ · ಆಗಸ್ಟ್ 12

ಚಾನೆಲ್ ಲಿಂಕ್ ಇಲ್ಲಿ ಹಾಕಿ. ನನ್ನ ಹೆಂಡತಿಗೆ ಬೇಕಂತೆ.

ಪರವೂರ ಸೊಸೆ · ಆಗಸ್ಟ್ 12

ಅಕ್ಕ, ಮೂರನೇ ಸಲ ಕೇಳ್ತಾ ಇದ್ದೇನೆ. ಒಂದು ಕುಡ್ತೆ ಅಂದರೆ ಎಷ್ಟು?

ಕೆಸುವಿನೆಲೆ · ಆಗಸ್ಟ್ 12

ಅಯ್ಯೋ, ಕ್ಷಮಿಸಿ ಮಾರಾಯ್ರೆ, ಇಷ್ಟು ಜನ ಮಾತಾಡುವಾಗ ನಿಮ್ಮದು ಕಣ್ಣು ತಪ್ಪಿತು. ಈಗಷ್ಟೇ ನಮ್ಮ ಮನೆಯ ಕುಡ್ತೆಯಲ್ಲಿ ನೀರು ತುಂಬಿಸಿ ಮಿಕ್ಸಿ ಜೊತೆ ಬಂದ ಅಳತೆ ಲೋಟಕ್ಕೆ ಹೊಯ್ದು ನೋಡಿದೆ. ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ಇದು ನಮ್ಮ ಮನೆಯದ್ದು. ನಿಮ್ಮ ಅತ್ತೆಯ ಮನೆಯದ್ದು ಬೇರೆ ಇರಬಹುದು.

ಪರವೂರ ಸೊಸೆ · ಆಗಸ್ಟ್ 12

ಥ್ಯಾಂಕ್ಸ್ ಅಕ್ಕ. ಅತ್ತೆಗೆ ಕಳಿಸಿದೆ. ತಪ್ಪು ಅಂತ ಹೇಳ್ತಾ ಇದ್ದಾರೆ. ಅವರ ಅಕ್ಕನಿಗೂ ಕಳಿಸಿ ಕೇಳ್ತಾರಂತೆ.